ಗುಡ್ಡದ ಓಟಕ್ಕೆ ಹೊರಡುವ ಮುನ್ನ ಗುಂಡಿಗೆಯ ಮಾತು ಕೇಳಿ

"ನಮ್ಮ ಯಜಮಾನರಿಗೆ ಈಗ 47 ವರ್ಷ. ಬ್ಯಾಂಕಿನಲ್ಲಿ ಕೆಲಸ. ಐದು ವರ್ಷದಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಾರೆ. ನಮ್ಮ ಮಾವನವರು ಐವತ್ತೆರಡಕ್ಕೇ ಹೃದಯಾಘಾತದಿಂದ ತೀರಿಕೊಂಡರು. ಇವರು ಕಳೆದ ವರ್ಷ ಊರಿನ ಓಟಗಾರರ ಬಳಗ ಸೇರಿದ್ದಾರೆ. ಈಗ ಸಾತಾರದ ಗುಡ್ಡದ ಓಟಕ್ಕೆ ಹೆಸರು ಕೊಟ್ಟು ಬಂದಿದ್ದಾರೆ. ಇಪ್ಪತ್ತೊಂದು ಕಿಲೋಮೀಟರು, ಅದರಲ್ಲಿ ಅರ್ಧ ದಾರಿ ಏರಂತೆ. ಪುನೀತ್ ರಾಜಕುಮಾರ್ ಹೋದ ದಿನದಿಂದ ನನಗೆ ಇಂಥ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಬೇಡವೆಂದರೆ ಸಿಟ್ಟಾಗುತ್ತಾರೆ. ನೀವಾದರೂ ಹೇಳಿ ಡಾಕ್ಟರೇ, ಹೋಗಬಹುದೋ, ಹೋಗಬಾರದೋ?"

ಧಾರವಾಡದ ಗೃಹಿಣಿಯೊಬ್ಬರು ಬರೆದ ಪತ್ರವಿದು. ಈ ತಾಯಿಯ ಆತಂಕ ಇವರೊಬ್ಬರದೇ ಅಲ್ಲ. 2021ರ ಅಕ್ಟೋಬರ್ 29ರಂದು 46ರ ಹರೆಯದ ಆ ನಟ ಹಠಾತ್ತನೆ ತೀರಿಕೊಂಡಾಗ, ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಗಂಡನನ್ನೋ ಮಗನನ್ನೋ ವ್ಯಾಯಾಮಕ್ಕೆ ಕಳಿಸಲು ಹೆದರುವ ಕಾಲ ಬಂತು. ಮೈ ದಂಡಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಂಬಿದ್ದವರೇ, ಮೈ ದಂಡಿಸಿದ್ದರಿಂದಲೇ ಹೀಗಾಯಿತೇನೋ ಎಂದು ಅನುಮಾನಿಸತೊಡಗಿದರು.

ಪತ್ರಕ್ಕೆ 'ಹೌದು' ಅಥವಾ 'ಇಲ್ಲ' ಎಂದು ಒಂದೇ ಮಾತಿನ ಉತ್ತರ ಕೊಡಬಹುದಿತ್ತು. ಆದರೆ ಅದರಿಂದ ಅವರ ಭಯವೂ ಹೋಗದು, ಯಜಮಾನರ ಹಟವೂ ಇಳಿಯದು. ಮೇಲಾಗಿ ನಾನೂ ಹುಬ್ಬಳ್ಳಿಯ ಇಂಥದೇ ಒಂದು ಬಳಗದ ಹಿಂದಿನ ಸಾಲಿನ ಓಟಗಾರ. ಸಾತಾರದ ಆ ಗುಡ್ಡ ನನ್ನ ತೊಡೆಗಳಿಗೆ ಚೆನ್ನಾಗಿ ಪರಿಚಿತ. ಆದ್ದರಿಂದ ಈ ವಾರ ಇದೇ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ನಿಮ್ಮ ಮನೆಯಲ್ಲಿ ಯಾರೂ ಓಡದಿದ್ದರೂ ಓದಿ. ಗುಡಿಯ ಮೆಟ್ಟಿಲು ಹತ್ತುವವರಿಗೂ ಇಲ್ಲಿ ಹೇಳುವ ಮಾತುಗಳಲ್ಲಿ ಅರ್ಧದಷ್ಟು ಅನ್ವಯಿಸುತ್ತವೆ.

ಎಂಥ ಓಟವಿದು?

ಸಾತಾರ ಇರುವುದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಕೊಲ್ಹಾಪುರ ದಾಟಿದ ಮೇಲೆ. ಅಲ್ಲಿ 2012ರಿಂದ ಗುಡ್ಡದ ಅರ್ಧ ಮ್ಯಾರಥಾನ್ ನಡೆಯುತ್ತಿದೆ. ಮಳೆಗಾಲದ ಹಿಂಬದಿಯಲ್ಲಿ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಇದರ ದಿನ ಬರುತ್ತದೆ. ಊರೊಳಗಿಂದ ಹೊರಟ ದಾರಿ ಯವತೇಶ್ವರ ಘಾಟನ್ನು ಏರಿ, ಹೂವಿನ ಬಯಲೆಂದು ಹೆಸರಾದ ಕಾಸ್ ಪ್ರಸ್ಥಭೂಮಿಯ ದಿಕ್ಕಿಗೆ ಸಾಗುತ್ತದೆ. ಅರ್ಧ ದಾರಿಯಲ್ಲಿ ತಿರುಗಿ, ಏರಿದ್ದನ್ನೇ ಇಳಿದು ಬರಬೇಕು. ಒಟ್ಟು 21.1 ಕಿಲೋಮೀಟರು.

ಹೋಗುವಾಗ ಬಹುತೇಕ ಏರು, ಬರುವಾಗ ಬಹುತೇಕ ಇಳಿಜಾರು. ಇಷ್ಟೇ ಕೇಳಿದರೆ 'ಮೊದಲರ್ಧ ಕಷ್ಟ, ಎರಡನೆಯರ್ಧ ಸುಖ' ಎನ್ನಿಸುತ್ತದೆ. ಹೃದಯದ ಲೆಕ್ಕದಲ್ಲಿ ಇದು ನಿಜ, ಕಾಲಿನ ಲೆಕ್ಕದಲ್ಲಿ ಪೂರಾ ಉಲ್ಟಾ. ಗುಡ್ಡದ ಓಟದ ಆರೋಗ್ಯಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಏರಿನಲ್ಲಿ ಗುಂಡಿಗೆಯ ಪಾಡು

ಸುಮ್ಮನೆ ಕುಳಿತಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಮೈಗೆಲ್ಲ ಹರಿಸುತ್ತದೆ. ಜೋರಾಗಿ ಓಡುವಾಗ ಸಾಮಾನ್ಯ ಮನುಷ್ಯನಲ್ಲಿಯೂ ಇದು ಹದಿನೈದು–ಇಪ್ಪತ್ತು ಲೀಟರಿಗೆ ಏರುತ್ತದೆ. ಕಾಲಿನ ಸ್ನಾಯುಗಳು ಕೇಳುವ ಆಮ್ಲಜನಕವನ್ನು ಪೂರೈಸಲು ಬೇರೆ ದಾರಿ ಇಲ್ಲ.

ಗುಡ್ಡ ಈ ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಟಲಿಯ ಸಂಶೋಧಕರು ಓಟಗಾರರನ್ನು ಬೇರೆ ಬೇರೆ ಇಳಿಜಾರಿನಲ್ಲಿ ಓಡಿಸಿ ಅಳೆದ ಲೆಕ್ಕವೊಂದು 2002ರಲ್ಲಿ ಪ್ರಕಟವಾಯಿತು. ಅದರಂತೆ, ನೂರು ಮೀಟರಿಗೆ ಐದು ಮೀಟರು ಏರುವ ರಸ್ತೆಯಲ್ಲಿ, ಅಷ್ಟೇ ದೂರಕ್ಕೆ ಸಮತಟ್ಟಿನ ದಾರಿಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚು ಶಕ್ತಿ ಬೇಕು. ಏರು ಹತ್ತು ಮೀಟರಾದರೆ ಶೇಕಡಾ 65ರಷ್ಟು ಹೆಚ್ಚು. ಅಂದರೆ ಕೆರೆಯ ದಂಡೆಯಲ್ಲಿ ಓಡುವ ವೇಗದಲ್ಲಿಯೇ ಗುಡ್ಡ ಹತ್ತಲು ಹೋದರೆ, ನೀವು ಹೃದಯದಿಂದ ಒಂದೂವರೆ ಪಟ್ಟು ದುಡಿಮೆ ಕೇಳಿದಂತಾಯಿತು. ಆರೋಗ್ಯವಂತ ಹೃದಯ ಇದನ್ನು ಸಹಿಸೀತು. ರಕ್ತನಾಳ ಕಟ್ಟಿಕೊಂಡ ಹೃದಯ ಎಲ್ಲಿಂದ ಕೊಟ್ಟೀತು?

ನಾವು ಭಾರತೀಯರು ಇಲ್ಲಿ ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದ ಮಾಹಿತಿಯನ್ನು ಬಿಡಿಸಿ ನೋಡಿದಾಗ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದ ದೇಶದವರಿಗಿಂತ ಐದಾರು ವರ್ಷ ಮೊದಲೇ, ಸುಮಾರು 53ರ ವಯಸ್ಸಿಗೇ ಆಗುವುದು ಕಂಡುಬಂತು. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಹೊಟ್ಟೆಯ ಬೊಜ್ಜು, ಇವೇ ಅದಕ್ಕೆ ಮುಖ್ಯ ಕಾರಣಗಳು.

ಹಾಗೆಂದು ಓಟವೇ ಯಮನಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದವರು ಒಂದು ಕೋಟಿಗೂ ಹೆಚ್ಚು. ಇವರಲ್ಲಿ ಓಟದ ವೇಳೆ ಅಥವಾ ಓಟ ಮುಗಿದ ಒಂದು ಗಂಟೆಯೊಳಗೆ ಹೃದಯ ಸ್ತಂಭನವಾದವರು 59 ಜನ. ಸುಮಾರು 1,84,000 ಮಂದಿಗೆ ಒಬ್ಬರು ಎಂದಾಯಿತು. ಅರ್ಧ ಮ್ಯಾರಥಾನಿನಲ್ಲಿ ಈ ಅಪಾಯ ಪೂರ್ಣ ಮ್ಯಾರಥಾನಿಗಿಂತ ಕಡಿಮೆ, ಹೆಂಗಸರಿಗೆ ಗಂಡಸರಿಗಿಂತ ಕಡಿಮೆ. ಕುರ್ಚಿಯಲ್ಲಿ ಕುಳಿತೇ ಕಾಲ ಕಳೆಯುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ. ಹಾಗಾದರೆ ಆ ಒಬ್ಬರು ಯಾರೆಂದು ಮೊದಲೇ ಪತ್ತೆ ಹಚ್ಚುವುದು ಹೇಗೆ? ಪ್ರಶ್ನೆ ಇರುವುದು ಇಲ್ಲಿ.

ಮೂರನೆಯ ತಿರುವಿನ ಕಥೆ

ನಮ್ಮ ಬಳಗದಲ್ಲಿ ನಡೆದ ಒಂದು ಸಂಗತಿಯನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ನಮಗೆ ಏರು ಅಭ್ಯಾಸಕ್ಕೆ ಇರುವುದು ಉಣಕಲ್ಲಿನ ನೃಪತುಂಗ ಬೆಟ್ಟ. ವಾಯುವಿಹಾರದವರ ನೆಚ್ಚಿನ ತಾಣ. ಭಾನುವಾರ ಬೆಳಗಾಗುವ ಮುಂಚೆ ನಾವು ಹತ್ತಿಪ್ಪತ್ತು ಜನ ಅಲ್ಲಿ ಸೇರುತ್ತೇವೆ. ನಮ್ಮಲ್ಲೊಬ್ಬರು ಬಟ್ಟೆ ವ್ಯಾಪಾರಿ, ಆಗ ಐವತ್ತೊಂದು ವಯಸ್ಸು. ಸಪಾಟಾದ ದಾರಿಯಲ್ಲಿ ಹತ್ತು ಕಿಲೋಮೀಟರು ಸಲೀಸಾಗಿ ಓಡುತ್ತಿದ್ದವರು. ಬೆಟ್ಟದ ಮೂರನೆಯ ತಿರುವಿಗೆ ಬಂದಾಗ ನಿಂತು, ಎದೆ ನೀವಿಕೊಂಡು, ಎರಡು ನಿಮಿಷ ಕಳೆದು ಮತ್ತೆ ಹೊರಡುತ್ತಿದ್ದರು. ಕೇಳಿದರೆ, "ಏನಿಲ್ರಿ, ನಿನ್ನೆ ಸಂಜೀಗೆ ಗಿರ್ಮಿಟ್ಟು, ಮಿರ್ಚಿ ತಿಂದಿದ್ದೆ. ಗ್ಯಾಸ್ ಆಗೇತಿ" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ವೈದ್ಯನಾದ ನಾನು ಮುಂದೆ ಹೋಗಿಬಿಟ್ಟಿರುತ್ತಿದ್ದೆ, ನೋಡಿರಲಿಲ್ಲ.

ಎಲ್ಲರಿಗಿಂತ ಕಡೆಯಲ್ಲಿ ಬರುವವರು ನಿವೃತ್ತ ದೈಹಿಕ ಶಿಕ್ಷಕರೊಬ್ಬರು. ಯಾರನ್ನೂ ಹಿಂದೆ ಬಿಟ್ಟು ಬರಬಾರದೆಂದು ತಾವಾಗಿಯೇ ಆ ಕೆಲಸ ಹೊತ್ತುಕೊಂಡವರು. ಮೂರನೆಯ ಭಾನುವಾರವೂ ಅದೇ ಜಾಗದಲ್ಲಿ ಇವರು ಎದೆ ನೀವಿಕೊಂಡಾಗ ಮಾಸ್ತರರು ಹೇಳಿದ್ದು ಒಂದೇ ಮಾತು: "ಗ್ಯಾಸಿಗೆ ತಿರುವು ಗೊತ್ತಿರೂದಿಲ್ರಿ ಸಾವ್ಕಾರ್ರ. ಇವತ್ತ ಡಾಕ್ಟರ್ ಕಡೆ ಹೋಗೂಣು."

ಎಷ್ಟು ದೊಡ್ಡ ವೈದ್ಯಕೀಯ ಸತ್ಯವನ್ನು ಅವರು ಎಷ್ಟು ಸರಳವಾಗಿ ಹೇಳಿದರು ನೋಡಿ! ಅಜೀರ್ಣದ ಉರಿ ಮನಬಂದಾಗ ಬರುತ್ತದೆ, ಮನಬಂದಾಗ ಹೋಗುತ್ತದೆ. ಹೃದಯದ ರಕ್ತನಾಳ ಕಿರಿದಾಗಿ ಬರುವ ಎದೆಬಿಗಿತ ಹಾಗಲ್ಲ. ಅಷ್ಟೇ ಶ್ರಮಕ್ಕೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬರುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇದಕ್ಕೆ ನಾವು ಆಂಜೈನಾ ಎನ್ನುತ್ತೇವೆ. 'ನೋವು' ಎಂಬ ಮಾತನ್ನೇ ಎಷ್ಟೋ ರೋಗಿಗಳು ಬಳಸುವುದಿಲ್ಲ. ಎದೆಯ ಮೇಲೆ ಚೀಲ ಹೇರಿದಂತೆ, ಪಟ್ಟಿ ಬಿಗಿದಂತೆ, ಗಂಟಲು ಹಿಡಿದಂತೆ, ಎಡತೋಳು ಜೋಮು ಹಿಡಿದಂತೆ, ದವಡೆ ಸೆಳೆದಂತೆ ಎಂದೆಲ್ಲ ಹೇಳುತ್ತಾರೆ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಸಲ ಬರೀ ಏದುಸಿರು, ವಿಪರೀತ ಸುಸ್ತು ಇಷ್ಟೇ ಕಾಣಿಸಬಹುದು.

ಆ ವ್ಯಾಪಾರಿಗೆ ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇತ್ತು. "ನೋಡ್ರಿ, ಏನಿಲ್ಲ" ಎಂದು ಎದ್ದರು. ಆದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆದಾಗ, ಯಂತ್ರದ ಏರು ಹೆಚ್ಚುತ್ತಿದ್ದಂತೆ ಗೆರೆ ಬದಲಾಯಿತು. ಆಂಜಿಯೋಗ್ರಾಂನಲ್ಲಿ ಮುಖ್ಯ ನಾಳವೊಂದು ಬಹುಪಾಲು ಮುಚ್ಚಿರುವುದು ಕಂಡಿತು. ಅದೇ ವಾರ ಸ್ಟೆಂಟ್ ಹಾಕಲಾಯಿತು. ಓಟ ಅವರಿಗೆ ರೋಗ ತರಲಿಲ್ಲ. ಒಳಗೆ ಅಡಗಿದ್ದ ರೋಗವನ್ನು ಬೆಟ್ಟ ಹೊರಗೆ ತೋರಿಸಿತು. ಓದುವವನೊಬ್ಬ ಜೊತೆಗಿದ್ದ, ಅಷ್ಟೇ.

ಯಾರಿಗೆ ಯಾವ ತಪಾಸಣೆ?

ನಲವತ್ತು ದಾಟಿದವರು, ಹಾಗೂ ವಯಸ್ಸು ಎಷ್ಟೇ ಇರಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬಿನ ತೊಂದರೆ, ಧೂಮಪಾನದ ಅಭ್ಯಾಸ ಇರುವವರು ಗುಡ್ಡದ ಓಟಕ್ಕೆ ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಮನೆತನದಲ್ಲಿ ಗಂಡಸರಿಗೆ 55ಕ್ಕೆ ಮೊದಲು, ಹೆಂಗಸರಿಗೆ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ಅದನ್ನು ತಪ್ಪದೆ ಹೇಳಬೇಕು. ಚಿಕ್ಕ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತನೆ ಸತ್ತವರಿದ್ದರೆ ಅದನ್ನೂ ಮುಚ್ಚಿಡಬಾರದು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ವಂಶದಲ್ಲಿ ಹರಿದು ಬರುವುದುಂಟು.

ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆ, ಇ.ಸಿ.ಜಿ. ಇವು ಮೊದಲ ಹಂತ. ಟ್ರೆಡ್‌ಮಿಲ್ ಪರೀಕ್ಷೆ, ಎಕೊ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಪರೀಕ್ಷೆಯಲ್ಲಿ ಪಾಸಾದೆವೆಂದು ಮೈಮರೆಯುವಂತಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ಎಲ್ಲ ದೋಷವನ್ನೂ ಹಿಡಿಯದು. ಕಾಗದ ಏನೇ ಹೇಳಲಿ, ಏರಿನಲ್ಲಿ ಎದೆ ಬಿಗಿದರೆ ಎದೆಯ ಮಾತೇ ಕಡೆಯ ಮಾತು.

ಇನ್ನೊಂದು ವಿಷಯ. 'ಓಡಲು ಶುರು ಮಾಡಿದೆ, ಇನ್ನು ಮಾತ್ರೆ ಬೇಡ' ಎಂದು ರಕ್ತದೊತ್ತಡದ ಔಷಧವನ್ನು ತಾವೇ ನಿಲ್ಲಿಸುವವರಿದ್ದಾರೆ. ಇದು ದೊಡ್ಡ ತಪ್ಪು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಹೃದಯ ಬಡಿತವನ್ನು ತಗ್ಗಿಸುವುದರಿಂದ, ಅವನ್ನು ನುಂಗುವವರಿಗೆ ಕೈಗಡಿಯಾರ ತೋರಿಸುವ ಬಡಿತದ ಲೆಕ್ಕ ಉಪಯೋಗಕ್ಕೆ ಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಬೆವರಿನೊಂದಿಗೆ ನೀರು, ಲವಣ ಇನ್ನಷ್ಟು ಹೋಗುತ್ತವೆ. ಮಾತ್ರೆ ಬದಲಿಸಬೇಕೇ ಎಂದು ಕೇಳಿ, ಬಿಡಬೇಡಿ.

ಬಳಗ ಏಕೆ ಬೇಕು?

ಒಬ್ಬರೇ ಓಡುವವರು ನಿಂತರೆ ಕೇಳುವವರಿಲ್ಲ, ಬಿದ್ದರೆ ಎತ್ತುವವರಿಲ್ಲ. ಬಳಗದಲ್ಲಿ ಈ ಎರಡೂ ಇವೆ. ಆದರೆ ಎಲ್ಲ ಬಳಗವೂ ಒಳ್ಳೆಯ ಬಳಗವಲ್ಲ. 'ಅವರು ಓಡಿದರು, ನಾನೇಕೆ ಹಿಂದೆ ಉಳಿಯಲಿ' ಎಂಬ ಹುರುಪು ಹತ್ತಿಸಿ, ನಡೆಯುವವರನ್ನು ಹಂಗಿಸುವ ಗುಂಪಿನಿಂದ ದೂರವಿರುವುದೇ ಲೇಸು.

ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆದುಬಂದಿರುವ ಕಾಮ್ರೇಡ್ಸ್ ಎಂಬ ಓಟವಿದೆ. ಡರ್ಬನ್ ಮತ್ತು ಪೀಟರ್‌ಮರಿಟ್ಸ್‌ಬರ್ಗ್ ನಗರಗಳ ನಡುವೆ, ಗುಡ್ಡಗಳ ಮೇಲೆ ಹಾಯ್ದು, ತೊಂಬತ್ತು ಕಿಲೋಮೀಟರಿನ ಆಸುಪಾಸು ದೂರ. ಅಲ್ಲಿ ಓಟಗಾರರು ತಮ್ಮ ತಮ್ಮ ಕ್ಲಬ್ಬಿನ ಅಂಗಿ ತೊಟ್ಟು ಓಡುತ್ತಾರೆ. ಅನುಭವಿಯೊಬ್ಬ ಮುಂದಾಳಾಗಿ, ಇಷ್ಟು ಗಂಟೆಗೆ ಮುಟ್ಟಿಸುತ್ತೇನೆ ಎಂದು ಹೇಳಿ, ಗುಂಪನ್ನು ಒಟ್ಟಿಗೆ ಕರೆದೊಯ್ಯುವ ಪದ್ಧತಿ ಇದೆ. ಆ ಗುಂಪಿಗೆ 'ಬಸ್ಸು' ಎನ್ನುತ್ತಾರೆ, ಮುಂದಾಳು ಅದರ ಡ್ರೈವರ್! ಎಲ್ಲಿ ಓಡಬೇಕು, ಎಲ್ಲಿ ನಡೆಯಬೇಕು ಎಂಬುದೆಲ್ಲ ಅವನ ಹೊಣೆ. ಹಾಡುತ್ತ, ಒಬ್ಬರನ್ನೊಬ್ಬರು ಹುರಿದುಂಬಿಸುತ್ತ ಸಾಗುತ್ತಾರೆ. ನಿಮ್ಮ ಬಳಗದಲ್ಲಿ ಇಂಥ ಡ್ರೈವರ್ ಒಬ್ಬರು, ನಮ್ಮ ಮಾಸ್ತರರಂಥ ಕಂಡಕ್ಟರ್ ಒಬ್ಬರು ಇದ್ದರೆ ಮನೆಯವರು ಅರ್ಧ ನಿಶ್ಚಿಂತರಾಗಬಹುದು.

ಅಭ್ಯಾಸದ ಕ್ರಮ

ಸಪಾಟು ರಸ್ತೆಯಲ್ಲಿ ಹತ್ತು ಕಿಲೋಮೀಟರು ಆರಾಮವಾಗಿ ಓಡಬಲ್ಲವರು ಗುಡ್ಡದ ಅರ್ಧ ಮ್ಯಾರಥಾನಿಗೆ ಹದಿನಾರು ವಾರ ಇಟ್ಟುಕೊಳ್ಳಬೇಕು. ಇನ್ನೂ ನಡಿಗೆಯ ಹಂತದಲ್ಲಿರುವವರು ಈ ವರ್ಷದ ಆಸೆ ಬಿಟ್ಟು ಮುಂದಿನ ವರ್ಷಕ್ಕೆ ಸಿದ್ಧರಾಗುವುದು ಒಳ್ಳೆಯದು.

ವಾರದಲ್ಲಿ ನಾಲ್ಕು ದಿನ ಓಟ ಸಾಕು. ಎರಡು ದಿನ ಹಗುರ ಓಟ, ಒಂದು ದಿನ ದೂರದ ಓಟ, ಒಂದು ದಿನ ಏರು. ಏರಿನ ದಿನ ಸುಮಾರು ಇನ್ನೂರು ಮೀಟರಿನ ಏರು ಆರಿಸಿಕೊಳ್ಳಿ. ಹತ್ತು ನಿಮಿಷ ಮೈ ಬೆಚ್ಚಗಾಗುವಂತೆ ಓಡಿ, ನಂತರ ಆ ಏರನ್ನು ಹತ್ತಿ, ನಡೆದು ಇಳಿಯಿರಿ. ಮೊದಲ ವಾರ ನಾಲ್ಕು ಸಲ, ಕ್ರಮೇಣ ಎಂಟು ಸಲ. ಮೂರು ವಾರ ಹೆಚ್ಚಿಸಿ, ನಾಲ್ಕನೆಯ ವಾರ ಇಳಿಸಿ. ಓಟಕ್ಕೆ ಎರಡು ವಾರ ಇದ್ದಾಗ ದೂರವನ್ನು ಕಡಿಮೆ ಮಾಡಿ. ಆಗ ಪಡೆಯುವ ವಿಶ್ರಾಂತಿ ನಷ್ಟವಲ್ಲ.

ಶ್ರಮದ ಅಳತೆಗೆ ಯಂತ್ರವೇ ಬೇಕೆಂದಿಲ್ಲ. ಹಗುರ ಓಟದಲ್ಲಿ ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತನಾಡುವಂತಿರಬೇಕು. ಏರಿನಲ್ಲಿ ನಾಲ್ಕೈದು ಪದ ಹೊರಡಬೇಕು. ಹೆಸರು ಕೇಳಿದರೂ ಹೇಳಲಾಗದಷ್ಟು ಏದುಸಿರು ಬಂದರೆ, ನಡಿಗೆಗೆ ಇಳಿಯುವ ಸಮಯ ಬಂತೆಂದೇ ಅರ್ಥ.

ಮನೆಯಲ್ಲಿಯೂ ಸ್ವಲ್ಪ ಕೆಲಸವಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನ ಎತ್ತಿ ಇಳಿಸುವುದು ಮೀನಖಂಡಕ್ಕೆ ಬಲ. ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಸಾವಕಾಶ ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಿ ಮೇಲೆ ಬರುವುದು ತೊಡೆಗೆ, ಮಂಡಿಗೆ ಬಲ. ದಿನ ಬಿಟ್ಟು ದಿನ ಹದಿನೈದರಂತೆ ಎರಡು ಸುತ್ತು ಮಾಡಿದರೆ ಸಾಕು. ನಮ್ಮ ಹಿರಿಯರು ಗರಡಿಯಲ್ಲಿ ಹೊಡೆಯುತ್ತಿದ್ದ ಬಸ್ಕಿಯೂ ಇದೇ ಜಾತಿಯ ವ್ಯಾಯಾಮ.

ಏರುವ ಜಾಣತನ

ಹತ್ತುವಾಗ ಹೆಜ್ಜೆ ಚಿಕ್ಕದಿರಲಿ. ಸೊಂಟದಲ್ಲಿ ಬಾಗಿ ಗೂನು ಬೆನ್ನು ಮಾಡಿದರೆ ಉಸಿರಾಟಕ್ಕೆ ಅಡ್ಡಿ. ಇಡೀ ಮೈಯನ್ನು ಪಾದದಿಂದಲೇ ತುಸು ಮುಂದಕ್ಕೆ ಒಲಿಸಬೇಕು. ನೋಟ ಹತ್ತು ಹದಿನೈದು ಮೀಟರು ಮುಂದಿರಲಿ. ಗುಡ್ಡದ ತುದಿ ನೋಡಿದರೆ ಎದೆಗುಂದುತ್ತದೆ, ಪಾದ ನೋಡಿದರೆ ಕತ್ತು ನೋಯುತ್ತದೆ. ಮುಖ್ಯವಾಗಿ, ಸಮ ವೇಗದಲ್ಲಿ ಓಡಲು ಹೋಗದೆ ಸಮ ಶ್ರಮದಲ್ಲಿ ಓಡಿ. ಬಿರುಸಿನ ಏರಿನಲ್ಲಿ ಚುರುಕಾಗಿ ನಡೆಯುವವರು, ಏಗುತ್ತ ಓಡುವವರಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ.

ಈ ಪಾಠ ಕಲಿಯದೆ ಕೆಟ್ಟವರಲ್ಲಿ ಮಹಾ ಓಟಗಾರರೂ ಇದ್ದಾರೆ. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಮೂವತ್ತೆರಡನೆಯ ಕಿಲೋಮೀಟರು ದಾಟಿದ ಮೇಲೆ ಒಂದು ಏರು ಬರುತ್ತದೆ. ಉದ್ದ ಒಂದು ಕಿಲೋಮೀಟರೂ ಇಲ್ಲ, ಎತ್ತರ ಮೂವತ್ತು ಮೀಟರಿಗೂ ಕಡಿಮೆ. 1936ರಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಜಾನ್ ಕೆಲ್ಲಿ, ಮುಂದಿದ್ದ ಎಲಿಸನ್ ಬ್ರೌನ್ ಎಂಬಾತನನ್ನು ಬೆನ್ನಟ್ಟಿ ಈ ಏರುಗಳಲ್ಲಿ ಹಿಡಿದು, ಹಾದುಹೋಗುವಾಗ ಅವನ ಬೆನ್ನು ತಟ್ಟಿದ. ಕೆಣಕಿದಂತಾದ ಬ್ರೌನ್ ಮತ್ತೆ ಮುನ್ನುಗ್ಗಿ ಗೆದ್ದ. ಬೆನ್ನಟ್ಟಿ ದಣಿದಿದ್ದ ಕೆಲ್ಲಿ ಐದನೆಯವನಾದ. ಆ ಏರಿಗೆ 'ಎದೆಯೊಡೆಯುವ ಗುಡ್ಡ' ಎಂಬರ್ಥದ ಹೆಸರು ಬಂದದ್ದು ಅಂದಿನಿಂದ. ಗುಡ್ಡ ಚಿಕ್ಕದೇ ಇರಬಹುದು. ಅಲ್ಲಿಗೆ ಬರುವಷ್ಟರಲ್ಲಿ ನಾವು ಎಷ್ಟು ಖರ್ಚಾಗಿದ್ದೇವೆ ಎಂಬುದೇ ಲೆಕ್ಕ.

ಇಳಿಯುವಾಗ ಮೋಸ ಹೋಗಬೇಡಿ

ಇನ್ನು ಕಾಲಿನ ಸರದಿ. ಇಳಿಜಾರಿನಲ್ಲಿ ಉಸಿರು ಸರಾಗ, ಹೃದಯ ನಿರಾಳ. ಅದರಿಂದಲೇ ಮೋಸ. ಪ್ರತಿ ಹೆಜ್ಜೆಯಲ್ಲೂ ಮುಂದೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿದು, ಬ್ರೇಕಿನಂತೆ ಮೈಭಾರವನ್ನು ತಡೆಯಬೇಕು. ಹೀಗೆ ಹಿಗ್ಗುತ್ತ ದುಡಿಯುವ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುತ್ತವೆ. ಪಾದ ನೆಲಕ್ಕೆ ಬಡಿಯುವ ಹೊಡೆತವೂ ಹೆಚ್ಚು. ಒಂಬತ್ತು ಡಿಗ್ರಿಯ ಇಳಿಜಾರಿನಲ್ಲಿ ಈ ಹೊಡೆತ ಸಪಾಟು ನೆಲಕ್ಕಿಂತ ಶೇಕಡಾ 54ರಷ್ಟು ಹೆಚ್ಚೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು.

ನನ್ನ ಮೊದಲ ಸಾತಾರ ಓಟದಲ್ಲಿ ನಾನು ಮಾಡಿದ್ದೇ ಈ ತಪ್ಪು. ಏರನ್ನು ಜಾಣನಂತೆ ನಡೆದು ಓಡಿ ಹತ್ತಿದೆ. ತಿರುಗಿದ ಕೂಡಲೇ ಎದುರಿಗೆ ಇಳಿಜಾರು, ಮಂಜು, ತಂಪು ಗಾಳಿ! ರೆಕ್ಕೆ ಬಂದಂತೆ ಹಾರಿಕೊಂಡು ಇಳಿದೆ. ಊರು ಕಾಣುವ ಹೊತ್ತಿಗೆ ತೊಡೆಗಳು ನಡುಗತೊಡಗಿದವು. ಘಾಟಿನಲ್ಲಿ ನಾನು ಹಿಂದೆ ಹಾಕಿದ್ದವರೆಲ್ಲ, ನಮ್ಮ ಮಾಸ್ತರರೂ ಸೇರಿ, ನನ್ನನ್ನು ದಾಟಿ ಹೋದರು. ಹುಬ್ಬಳ್ಳಿಗೆ ಬಂದು ಬಸ್ಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮೂರು ದಿನ ಶೌಚಾಲಯದಲ್ಲಿ ಕೂರಲು ಗೋಡೆ ಹಿಡಿಯಬೇಕಾಯಿತು. ಮನೆಯವರ ನಗೆ ಬೇರೆ.

ಈ ನೋವು ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟಿ, ವಾರದಲ್ಲಿ ಇಳಿಯುತ್ತದೆ. ಸಂತೋಷದ ಸಂಗತಿಯೆಂದರೆ, ಒಮ್ಮೆ ಹದವಾಗಿ ಇಳಿಜಾರು ಓಡಿದ ಸ್ನಾಯು ಮುಂದೆ ಕೆಲವು ವಾರಗಳ ಮಟ್ಟಿಗೆ ಅದೇ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಅಭ್ಯಾಸದ ಎರಡನೆಯ ಅರ್ಧದಲ್ಲಿ, ಹದಿನೈದು ದಿನಕ್ಕೊಮ್ಮೆಯಾದರೂ ಇಳಿಜಾರನ್ನೂ ಹಗುರವಾಗಿ ಓಡಿ ರೂಢಿಸಿಕೊಳ್ಳಿ. ಓಟದ ದಿನ ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಇಡಿ. ಮಂಡಿ ತುಸು ಮಡಿಚಿರಲಿ. ಹಿಮ್ಮಡಿಯನ್ನು ಬಹಳ ಮುಂದೆ ಚಾಚಿ ಬ್ರೇಕು ಹಾಕಬೇಡಿ. ಮಳೆಯಲ್ಲಿ ರಸ್ತೆಯ ಬಿಳಿ ಪಟ್ಟೆ ಜಾರುತ್ತದೆಂಬ ನೆನಪಿರಲಿ.

ನೋವಿಗೆ ಹೆದರಿ ಓಟದ ಬೆಳಿಗ್ಗೆಯೇ ನೋವಿನ ಮಾತ್ರೆ ನುಂಗುವ ಚಾಳಿ ಹೆಚ್ಚುತ್ತಿದೆ. ಬೆವರು ಸುರಿದು ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಓಟದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ವಿಪರೀತ ಹಾನಿಗೊಂಡು ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿರುವ ಸೂಚನೆ. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಊಟ, ನೀರು

ಓಟದ ಹಿಂದಿನ ರಾತ್ರಿ ಅನ್ನ, ಚಪಾತಿ, ತಿಳಿ ಸಾರು ಇರಲಿ. ಹೊಸ ಊರಿನ ಹೊಸ ರುಚಿ ಓಟ ಮುಗಿದ ಮೇಲೆ. ಬೆಳಿಗ್ಗೆ ಎರಡು ಗಂಟೆ ಮೊದಲು ಬಾಳೆಹಣ್ಣು, ಅವಲಕ್ಕಿ ಅಥವಾ ಸ್ವಲ್ಪ ಉಪ್ಪಿಟ್ಟು ಸಾಕು. ಸಕ್ಕರೆ ಕಾಯಿಲೆಯವರು ಓಟದ ದಿನದ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡೇ ಓಡಬೇಕು.

ನೀರು ಕುಡಿಯದಿದ್ದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ಅತಿಯಾಗಿ ಕುಡಿದರೂ ತೊಂದರೆ ಎಂಬುದು ಹಲವರಿಗೆ ಗೊತ್ತಿಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ, ಶೇಕಡಾ 13 ಜನರಲ್ಲಿ ಸೋಡಿಯಂ ಅಂಶ ಕುಸಿದಿತ್ತು. ಓಡುತ್ತ ತೂಕ ಹೆಚ್ಚುವಷ್ಟು ನೀರು ಕುಡಿದವರಲ್ಲಿ ಇದು ಹೆಚ್ಚಾಗಿತ್ತು. ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟು ಕುಡಿಯಿರಿ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯ ಪಾನೀಯ ನಮಗೆ ಬೇಕಿಲ್ಲ.

ಕೂಡಲೇ ನಿಲ್ಲಿ

ಕೆಳಗಿನ ಯಾವುದೇ ಸೂಚನೆ ಕಂಡರೆ ಓಟ ನಿಲ್ಲಿಸಿ, ಹತ್ತಿರದವರಿಗೆ ಹೇಳಿ:

• ಎದೆ, ಗಂಟಲು, ದವಡೆ, ತೋಳುಗಳಲ್ಲಿ ಬಿಗಿತ, ಭಾರ.
• ಶ್ರಮಕ್ಕೆ ಮೀರಿದ ಏದುಸಿರು, ತಣ್ಣನೆಯ ಬೆವರು.
• ತಲೆ ಸುತ್ತು, ಕಣ್ಣು ಕತ್ತಲೆ, ಎದೆ ಬಡಿತ ತಾಳ ತಪ್ಪಿದಂತಾಗುವುದು.
• ಮಾತು ತೊದಲುವುದು, ದಿಕ್ಕು ತೋಚದಿರುವುದು.
• ಹಿಂದಿನ ಎರಡು ವಾರದೊಳಗೆ ಜ್ವರ ಬಂದಿದ್ದರೆ ಓಟಕ್ಕೆ ಹೋಗುವ ಮಾತೇ ಬೇಡ. ವೈರಾಣು ಸೋಂಕು ಹೃದಯದ ಸ್ನಾಯುವಿಗೂ ತಟ್ಟಿರಬಹುದು.

ಜೊತೆಯಲ್ಲಿ ಓಡುವವರು ಇನ್ನೊಂದನ್ನು ಕಲಿತಿರಬೇಕು. ಯಾರಾದರೂ ಕುಸಿದು ಬಿದ್ದು, ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ, ಒಬ್ಬರು 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲಿಯೂ ಆಂಬುಲೆನ್ಸಿಗೆ ಇದೇ ಸಂಖ್ಯೆ. ಇನ್ನೊಬ್ಬರು ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಿರಬೇಕು. ನೆರವು ಬರುವವರೆಗೂ ನಿಲ್ಲಿಸಬಾರದು. ಮೊದಲು ಹೇಳಿದ ಅಮೆರಿಕದ 59 ಜನರಲ್ಲಿ ಬದುಕುಳಿದವರ ಪೈಕಿ ಹೆಚ್ಚಿನವರಿಗೆ ಪಕ್ಕದಲ್ಲಿದ್ದವರು ಕೂಡಲೇ ಎದೆ ಒತ್ತಿದ್ದರು. ನಿಮ್ಮ ಬಳಗದವರು ಒಂದು ಭಾನುವಾರ ಓಟ ಬಿಟ್ಟು ಇದನ್ನು ವೈದ್ಯರಿಂದ ಕಲಿತರೆ ಆ ಭಾನುವಾರ ಸಾರ್ಥಕ.

ಪತ್ರ ಬರೆದ ತಾಯಿಗೆ

ಅಮ್ಮಾ, ನಿಮ್ಮ ಭಯ ಅಕಾರಣವಲ್ಲ. ನಿಮ್ಮ ಮಾವನವರು ಹೋದ ವಯಸ್ಸು, ನಿಮ್ಮ ಯಜಮಾನರ ರಕ್ತದೊತ್ತಡ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹಾಗಾಗಿ ಅವರನ್ನು 'ಬೇಡ' ಎಂದು ತಡೆಯಬೇಡಿ. 'ಮೊದಲು ತಪಾಸಣೆ' ಎಂದು ತಡೆಯಿರಿ. ಈ ಲೇಖನವನ್ನು ಕತ್ತರಿಸಿ ಅವರ ಊಟದ ಡಬ್ಬಿಯ ಮೇಲಿಡಿ. ಏರಿನಲ್ಲಿ ಎಂದಾದರೂ ಎದೆ ಬಿಗಿದಿದೆಯೇ ಎಂದು ಸಿಟ್ಟಿಲ್ಲದ ಹೊತ್ತು ನೋಡಿ ಕೇಳಿ. ಗಂಡಸರು ಇದನ್ನು ಹೆಂಡತಿಯಿಂದ ಮುಚ್ಚಿಡುವುದೇ ಹೆಚ್ಚು. ವೈದ್ಯರು ಒಪ್ಪಿದರೆ, ರಕ್ತದೊತ್ತಡ ಹತೋಟಿಯಲ್ಲಿದ್ದರೆ, ಹದಿನಾರು ವಾರದ ಅಭ್ಯಾಸ ಸರಿಯಾಗಿ ಆಗಿದ್ದರೆ ಹೋಗಲಿ. ಮೂರರಲ್ಲಿ ಒಂದು ತಪ್ಪಿದರೂ ಈ ವರ್ಷ ಬೇಡ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ಮಾತು. ನೀವೂ ಮನೆಯಲ್ಲಿ ಕುಳಿತು ಹೆದರುವುದಕ್ಕಿಂತ, ಬೆಳಿಗ್ಗೆ ಅರ್ಧ ಗಂಟೆ ಅವರೊಂದಿಗೆ ಹೊರಟು ನಿಮ್ಮ ನಡಿಗೆ ನೀವು ನಡೆಯಿರಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳಿದೆ, ಗಂಡಸರಿಗಷ್ಟೇ ಅಲ್ಲ.

ಅಂದಹಾಗೆ ನಮ್ಮ ಬಟ್ಟೆ ವ್ಯಾಪಾರಿ? ಸ್ಟೆಂಟ್ ಹಾಕಿಸಿಕೊಂಡ ಮೇಲೆ ಹೃದ್ರೋಗ ತಜ್ಞರು ಹೇಳಿದಂತೆ ಮೊದಲು ಕೆರೆಯ ದಂಡೆಯಲ್ಲಿ ನಡೆದರು. ತಿಂಗಳುಗಳ ನಂತರ ಬೆಟ್ಟದ ಬುಡಕ್ಕೆ ಬಂದರು. ಮಾರನೆಯ ವರ್ಷ ಸಾತಾರಕ್ಕೂ ಬಂದರು, ನಮ್ಮ ಚೀಲ ಕಾಯಲು. ಅದರ ಮರುವರ್ಷ ತಜ್ಞರ ಒಪ್ಪಿಗೆ ಪಡೆದು, ಏರನ್ನೆಲ್ಲ ನಡೆದು, ಇಳಿಜಾರನ್ನು ಹಗುರವಾಗಿ ಓಡಿ, ನಮ್ಮೆಲ್ಲರಿಗಿಂತ ಕಡೆಯಲ್ಲಿ ಮುಗಿಸಿದರು. ಮಾಸ್ತರರು ಅವರ ಪಕ್ಕದಲ್ಲೇ ಇದ್ದರು. ಈಗ ನೃಪತುಂಗ ಬೆಟ್ಟದ ಮೂರನೆಯ ತಿರುವಿನಲ್ಲಿ ಅವರು ನಿಲ್ಲುವುದು, ಹೊಸದಾಗಿ ಬಂದವರಲ್ಲಿ ಯಾರು ಎದೆ ನೀವಿಕೊಳ್ಳುತ್ತಿದ್ದಾರೆ ಎಂದು ನೋಡಲು.